ಟ್ರೇಲರಿಗೂ ಒಂದು ಹೆಸರು

ಹೋದ ವರ್ಷ ಶ್ರಾವಣದಲ್ಲಿ ನನ್ನ ಮಗ ಚಳ್ಳಕೆರೆಯಿಂದ ಹೊಸ ಟ್ರೇಲರ್ ತಂದು ಮನೆ ಮುಂದೆ ನಿಲ್ಲಿಸಿದ. ನೀಲಿ ಬಣ್ಣ, ಹೊಸ ಟೈರು, ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ನಮ್ಮ ಮನೆಯಾಕೆ ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಆರತಿ ಎತ್ತಿದಳು. ವರಮಹಾಲಕ್ಷ್ಮಿ ಹಬ್ಬಕ್ಕೆಂದು ದಾವಣಗೆರೆಯಿಂದ ಮಗಳ ಮನೆಯವರೂ ಬಂದಿದ್ದರು. ಮೊಮ್ಮಕ್ಕಳಿಬ್ಬರು, ಪುಟ್ಟಿ ಮತ್ತು ಗುಂಡ, ಆರತಿ ಮುಗಿಯುವ ಮೊದಲೇ ಟ್ರೇಲರ್ ಹತ್ತಿ ಕುಣಿಯತೊಡಗಿದರು.

"ತಾತ, ಮಾರಮ್ಮನ ಜಾತ್ರೆಗೆ ಇದರಲ್ಲೇ ಹೋಗೋಣ!" ಎಂದ ಗುಂಡ.

ಎಲ್ಲರೂ ನಕ್ಕರು. ನನ್ನ ಅಣ್ಣ ಮಾತ್ರ ನಗಲಿಲ್ಲ. ಊರುಗೋಲು ಊರುತ್ತ ಟ್ರೇಲರಿನ ಹಿಂದಕ್ಕೆ ಹೋಗಿ ನಿಂತು, ಸ್ವಲ್ಪ ಹೊತ್ತು ನೋಡಿ, "ನಂಬರ್ ಎಲ್ಲಪ್ಪ?" ಎಂದು ಕೇಳಿದ.

"ಬರ್ತದೆ ಬಿಡಿ ದೊಡ್ಡಪ್ಪ. ತಾತ್ಕಾಲಿಕ ನೋಂದಣಿ ಕಾಗದ ಕೊಟ್ಟಿದ್ದಾರೆ, ಟ್ರ್ಯಾಕ್ಟರ್ ಡಬ್ಬಿಯೊಳಗೆ ಇದೆ. ಈರುಳ್ಳಿ ಸುಗ್ಗಿ ಮುಗೀಲಿ, ಆಮೇಲೆ ದುರ್ಗಕ್ಕೆ ಹೋಗಿ ಮಾಡಿಸಿಕೊಂಡು ಬಂದರಾಯ್ತು" ಎಂದ ನನ್ನ ಮಗ.

ಅಣ್ಣ ಮತ್ತೇನೂ ಹೇಳದೆ ತನ್ನ ಪೆಟ್ಟಿ ಅಂಗಡಿಗೆ ಹೊರಟುಹೋದ. ಅವನು ಹೇಳದೆ ಹೋದದ್ದು ನನಗೆ ಕೇಳಿಸಿತು. ರಾತ್ರಿ ಊಟವಾದ ಮೇಲೆ ಮಗನಿಗೆ ಹೇಳಿದೆ: "ನೋಂದಣಿ ಆಗೋವರೆಗೂ ಈ ಟ್ರೇಲರಿಗೆ ಒಂದು ಹಿಡಿ ಗೊಬ್ಬರವನ್ನೂ ತುಂಬಬೇಡ."

ಮಗನಿಗೆ ಕೋಪ ಬಂತು. "ಅಪ್ಪಾಜಿ, ನಮ್ಮ ಸುತ್ತಮುತ್ತ ಓಡಾಡೋ ಟ್ರೇಲರುಗಳಲ್ಲಿ ಎಷ್ಟಕ್ಕೆ ನಂಬರ್ ಇದೆ, ನೀವೇ ಹೇಳಿ. ಹೊಲಕ್ಕೂ ಮನೆಗೂ ತಿರುಗೋ ಗಾಡಿ ಇದು. ಎಂಜಿನ್ ಇಲ್ಲ, ಸ್ಟೇರಿಂಗ್ ಇಲ್ಲ. ಟ್ರ್ಯಾಕ್ಟರಿಗೆ ನಂಬರ್ ಇದೆಯಲ್ಲ, ಸಾಲದಾ?"

ಅವನಿಗೆ ಆ ಕಥೆ ಗೊತ್ತಿತ್ತು, ಆದರೆ ಪೂರ್ತಿ ಗೊತ್ತಿರಲಿಲ್ಲ. ದೊಡ್ಡಪ್ಪನಿಗೆ ಅಪಘಾತದಲ್ಲಿ ಕಾಲು ಹೋಯಿತು ಎಂದಷ್ಟೇ ನಮ್ಮ ಮನೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದೆವು. ಆ ರಾತ್ರಿ ಮಿಕ್ಕದ್ದನ್ನೂ ಹೇಳಿದೆ. ಪುಟ್ಟಿ ಮತ್ತು ಗುಂಡ ಮಲಗಿದ್ದಾರೆಂದುಕೊಂಡಿದ್ದೆ, ಅವರೂ ಕೇಳಿಸಿಕೊಂಡರು.

ಅದು 1978ರ ಕಾರ್ತಿಕ ಮಾಸ. ಶೇಂಗಾ ಕಿತ್ತು ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಸಾಗಿಸುವ ಕಾಲ. ಅಣ್ಣನಿಗೆ ಇಪ್ಪತ್ತು ವರ್ಷ. ಶಿಕ್ಷಕರ ತರಬೇತಿಗೆ ಸೀಟು ಸಿಕ್ಕಿತ್ತು. ಹೋಗುವ ಮೊದಲು ಹೊಸ ಬಟ್ಟೆ ಹೊಲಿಸಿಕೊಂಡು ಬರಲು ಸೈಕಲ್ಲಿನಲ್ಲಿ ಚಳ್ಳಕೆರೆಗೆ ಹೋಗಿದ್ದ. ವಾಪಸು ಬರುವಾಗ ಕತ್ತಲಾಗಿತ್ತು. ಹಿಂದಿನಿಂದ ಒಂದು ಟ್ರ್ಯಾಕ್ಟರ್ ಬಂತು. ಅದರ ಮುಂದಿನ ದೀಪ ಕಂಡು ಅಣ್ಣ ಸೈಕಲ್ಲನ್ನು ರಸ್ತೆಯ ಅಂಚಿಗೆ ಇಳಿಸಿದ. ಟ್ರ್ಯಾಕ್ಟರ್ ಪಕ್ಕದಲ್ಲೇ ದಾಟಿತು. ದಾಟಿತಲ್ಲ ಎಂದು ಸೈಕಲ್ಲನ್ನು ಮತ್ತೆ ರಸ್ತೆಗೆ ಏರಿಸಿದ.

ಟ್ರ್ಯಾಕ್ಟರಿನ ಬೆನ್ನಿಗೆ ಟ್ರೇಲರ್ ಇತ್ತು. ಅದಕ್ಕೆ ದೀಪವಿಲ್ಲ, ಬಣ್ಣವಿಲ್ಲ. ಆ ಕತ್ತಲೆಯಲ್ಲಿ ಅದೊಂದು ಕತ್ತಲೆಯ ತುಂಡು. ಅದರ ಚಕ್ರ ಅಣ್ಣನ ಬಲಗಾಲಿನ ಮೇಲೆ ಹಾಯಿತು. ಗಾಡಿ ನಿಲ್ಲಲಿಲ್ಲ. ಬಿದ್ದಲ್ಲಿಂದಲೇ ಅಣ್ಣ ತಲೆ ಎತ್ತಿ ನೋಡಿದನಂತೆ. ಹಿಂದುಗಡೆಯಿಂದ ಬರುತ್ತಿದ್ದ ಲಾರಿಯ ಬೆಳಕು ಆ ಟ್ರೇಲರಿನ ಹಲಗೆಯ ಮೇಲೆ ಬಿದ್ದಿತ್ತು. ಹಲಗೆ ಬರಿದಾಗಿತ್ತು. ಒಂದಕ್ಷರವೂ ಇರಲಿಲ್ಲ.

ಆ ಲಾರಿಯವರೇ ಅಣ್ಣನನ್ನು ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು, ಮಂಡಿಯಿಂದ ಕೆಳಗೆ ಕಾಲು ಉಳಿಯಲಿಲ್ಲ. ಅಪ್ಪ ಠಾಣೆಗೆ ಹೋದರೆ ಅಲ್ಲಿ ಕೇಳಿದ ಮೊದಲ ಪ್ರಶ್ನೆ "ಗಾಡಿ ನಂಬರ್ ಎಷ್ಟು?" ಉತ್ತರ ಇದ್ದಿದ್ದರೆ ಗಾಡಿಯ ಮಾಲೀಕ ಸಿಗುತ್ತಿದ್ದ. ವಿಮೆ ಇತ್ತೋ ಇಲ್ಲವೋ, ಕೇಳುವುದಕ್ಕಾದರೂ ಒಂದು ಬಾಗಿಲು ಇರುತ್ತಿತ್ತು. ಗುದ್ದಿ ಓಡಿಹೋದ ಗಾಡಿಯ ಗುರುತು ಸಿಗದಿದ್ದರೂ ಈಗ ಸರ್ಕಾರದ ಪರಿಹಾರ ಯೋಜನೆ ಇದೆ. 2022ರ ಏಪ್ರಿಲಿನಿಂದ ಸಾವಾದರೆ 2 ಲಕ್ಷ, ತೀವ್ರ ಗಾಯವಾದರೆ 50 ಸಾವಿರ ರೂಪಾಯಿ ಕೊಡುತ್ತಾರೆ. ಆಗ ಅಂಥದ್ದೇನೂ ಇರಲಿಲ್ಲ. ಅಪ್ಪ ಎರಡು ಎಕರೆ ಹೊಲ ಮಾರಿದರು.

ತರಬೇತಿಗೆ ಹೋಗಬೇಕಾದವನು ಬಸ್ ನಿಲ್ದಾಣದ ಹತ್ತಿರ ಪೆಟ್ಟಿ ಅಂಗಡಿ ಇಟ್ಟ. ಬೀಡಿ, ಬೆಂಕಿಪೊಟ್ಟಣ, ಕಡ್ಲೆಮಿಠಾಯಿ ಮಾರಿದ ಆ ದುಡ್ಡಿನಲ್ಲಿ ನನ್ನನ್ನು ಓದಿಸಿದ. ಅವನು ಆಗಬೇಕಾಗಿದ್ದ ಮೇಷ್ಟ್ರು ನಾನಾದೆ.

ಕಥೆ ಮುಗಿದಾಗ ಮಗ ತಲೆ ತಗ್ಗಿಸಿ ಕೂತಿದ್ದ. "ಸೋಮವಾರನೇ ಹೋಗೋಣ ಅಪ್ಪಾಜಿ" ಎಂದ.

ಹೀಗೆ ನಮ್ಮ ಪ್ರವಾಸ ಗೊತ್ತಾಯಿತು. ತಳಕಿನಿಂದ ಚಿತ್ರದುರ್ಗಕ್ಕೆ ಸುಮಾರು 50 ಕಿಲೋಮೀಟರ್. ಮಗ ಟ್ರ್ಯಾಕ್ಟರಿನಲ್ಲಿ ಮುಂದೆ, ನಾವೆಲ್ಲ ಅಳಿಯನ ಕಾರಿನಲ್ಲಿ ಹಿಂದೆ. ಮಕ್ಕಳಿಗೆ ಒಂದು ದಿನ ಶಾಲೆಗೆ ರಜೆ ಹಾಕಿಸಿ, ಹೇಗೂ ಹೋಗುತ್ತೇವಲ್ಲ, ಕೋಟೆಯನ್ನೂ ತೋರಿಸಿಬಿಡೋಣ ಎಂದುಕೊಂಡೆವು. ಅಣ್ಣ ಬರುವುದಿಲ್ಲ ಎಂದ. ಪುಟ್ಟಿ ಹೋಗಿ ಅವನ ಕೈಹಿಡಿದು, "ದೊಡ್ಡ ತಾತ, ನೀನು ಬರದಿದ್ದರೆ ನಂಬರ್ ಸರಿಯಾಗಿ ಹಾಕಿದ್ದಾರೋ ಇಲ್ಲವೋ ನೋಡೋರು ಯಾರು?" ಎಂದಳು. ಅಂಗಡಿಗೆ ಬೀಗ ಬಿತ್ತು.

ಬೆಳಗಿನ ಜಾವ ಐದಕ್ಕೆ ಹೊರಟೆವು. ಟ್ರ್ಯಾಕ್ಟರಿನ ಹಿಂದೆ ಕಾರು ಓಡಿಸುವುದು ತಾಳ್ಮೆಯ ಕೆಲಸ. ಆದರೆ ನಿಧಾನವಾಗಿ ಹೋದರೆ ಊರು ಕಾಣುತ್ತದೆ. ಎರಡೂ ಕಡೆ ಶೇಂಗಾ ಹೊಲಗಳು ಹೂವಾಗಿದ್ದವು. ಕಂಬಳಿ ಹೊದ್ದ ಕುರಿಗಾಹಿಗಳು ಮಂದೆ ಎಬ್ಬಿಸುತ್ತಿದ್ದರು. ಚಳ್ಳಕೆರೆಯಲ್ಲಿ ಇಡ್ಲಿ ತಿಂದೆವು. ಬೆಳಕು ಹರಿದ ಮೇಲೆ ಮಕ್ಕಳು ಎದುರಿಗೆ ಬರುವ ಗಾಡಿಗಳ ನಂಬರ್ ಓದುವ ಆಟ ಶುರುಮಾಡಿದರು.

"ತಾತ, ನಮ್ಮ ಕಾರಿಗೆ ಕೆಎ 17, ಮಾಮನ ಟ್ರ್ಯಾಕ್ಟರಿಗೆ ಕೆಎ 16. ಯಾಕೆ?"

"ಕೆಎ ಅಂದರೆ ಕರ್ನಾಟಕ. 16 ಚಿತ್ರದುರ್ಗದ ಕಚೇರಿ, 17 ದಾವಣಗೆರೆ ಕಚೇರಿ. ನಿಮ್ಮ ದಾವಣಗೆರೆಯೂ ಮೊದಲು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಬೇರೆ ಜಿಲ್ಲೆ ಆದದ್ದು 1997ರಲ್ಲಿ."

ಪ್ರಾದೇಶಿಕ ಸಾರಿಗೆ ಕಚೇರಿ, ಅಂದರೆ ಎಲ್ಲರ ಬಾಯಲ್ಲಿ ಆರ್‌ಟಿಒ ಆಫೀಸು, ಅಲ್ಲಿ ತಲುಪಿದಾಗ ಆಗಲೇ ಸಾಲು ಇತ್ತು. ಮಗ ಕಾಗದಗಳನ್ನು ಜೋಡಿಸಿಕೊಂಡ. ನೋಂದಣಿಯ ಅರ್ಜಿ ನಮೂನೆ 20. ಮಾರಿದವರು ಕೊಟ್ಟ ಮಾರಾಟ ಪತ್ರ ನಮೂನೆ 21. ಗಾಡಿ ರಸ್ತೆಯ ಮೇಲೆ ಓಡಲು ಯೋಗ್ಯವಾಗಿದೆ ಎಂದು ತಯಾರಿಸಿದವರು ಬರೆದುಕೊಟ್ಟದ್ದು ನಮೂನೆ 22. ಜೊತೆಗೆ ವಿಮೆಯ ಕಾಗದ, ಮನೆ ವಿಳಾಸದ ಪುರಾವೆ. ಎಲ್ಲ ಇತ್ತು, ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಮಾತ್ರ ಇರಲಿಲ್ಲ.

ಆ ಕೆಲಸ ಪುಟ್ಟಿಯ ಪಾಲಿಗೆ ಬಂತು. ಪ್ರತಿ ಗಾಡಿಯ ಕಬ್ಬಿಣದ ಚೌಕಟ್ಟಿನ ಮೇಲೂ ತಯಾರಿಸಿದವರು ಒಂದು ಸಂಖ್ಯೆಯನ್ನು ಕೆತ್ತಿರುತ್ತಾರೆ. ಒಂದು ಗಾಡಿಯ ಸಂಖ್ಯೆ ಇನ್ನೊಂದಕ್ಕೆ ಇರುವುದಿಲ್ಲ. ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಸಿಂಹದ ಮುಖ ಮೂಡುತ್ತದಲ್ಲ, ಹಾಗೆಯೇ ಆ ಸಂಖ್ಯೆಯ ಮೇಲೆ ತೆಳು ಕಾಗದ ಇಟ್ಟು ಉಜ್ಜಬೇಕು. ಬರೆದುಕೊಂಡರೆ ಒಂದಂಕಿ ತಪ್ಪಬಹುದು, ಬೇಕೆಂದೇ ಬದಲಿಸಲೂಬಹುದು. ಅಚ್ಚು ಸುಳ್ಳು ಹೇಳುವುದಿಲ್ಲ. ಪುಟ್ಟಿ ನಾಲಿಗೆ ಕಚ್ಚಿಕೊಂಡು ಉಜ್ಜಿದಳು. ಅಂಕಿಗಳು ಒಂದೊಂದಾಗಿ ಬೆಳ್ಳಗೆ ಎದ್ದು ಬಂದವು.

ಇನ್‌ಸ್ಪೆಕ್ಟರು ಬಂದು ಅಚ್ಚನ್ನೂ ಕೆತ್ತಿದ ಸಂಖ್ಯೆಯನ್ನೂ ತಾಳೆ ನೋಡಿದರು. ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಂಡಿ, ಪಿನ್ನು, ಟೈರು, ಬ್ರೇಕು ನೋಡಿದರು. ಮಗನನ್ನು ಕೂರಿಸಿ ಹಿಂದಿನ ದೀಪ, ಇಂಡಿಕೇಟರ್ ಹಾಕಿಸಿದರು. ನಂತರ ಟ್ರೇಲರಿನೊಳಗೆ ಕೂತಿದ್ದ ಗುಂಡನನ್ನು ನೋಡಿದರು.

"ಮೇಷ್ಟ್ರೇ, ಈ ಹುಡುಗ ದಾರಿಯುದ್ದಕ್ಕೂ ಇದರಲ್ಲೇ ಬಂದನಾ?"

"ಇಲ್ಲ ಸ್ವಾಮಿ, ಕಾರಿನಲ್ಲಿ ಬಂದ. ಈಗ ಹತ್ತಿದ್ದಾನೆ."

"ಜಾತ್ರೆಗೆ ಇದರಲ್ಲೇ ಹೋಗ್ತೀವಿ ಅಂತಿದ್ದನಲ್ಲ?"

ಗುಂಡ ಆಗಲೇ ಎಲ್ಲರಿಗೂ ಹೇಳಿಯಾಗಿತ್ತು. ಇನ್‌ಸ್ಪೆಕ್ಟರು ಅವನನ್ನು ಕೆಳಗಿಳಿಸಿ, ದೊಡ್ಡವರಿಗೆ ಹೇಳುವ ಹಾಗೆಯೇ ಹೇಳಿದರು: "ನೋಡಪ್ಪ, ಇದು ಸಾಮಾನು ಹೊರುವ ಗಾಡಿ. ಇದರಲ್ಲಿ ಸೀಟಿಲ್ಲ, ಹಿಡಿಯೋಕೆ ಕಂಬಿಯಿಲ್ಲ. ತಿರುವಿನಲ್ಲಿ ಮಗುಚಿಕೊಂಡರೆ ಒಳಗಿದ್ದವರು ಅದರ ಕೆಳಗೇ ಹೋಗ್ತಾರೆ. ಇದರ ವಿಮೆ ಮೇಲೆ ಕೂತ ಜನಕ್ಕೆ ಅನ್ವಯಿಸೋದಿಲ್ಲ. ಮೂಟೆಗೆ ಗಾಡಿ, ಮನುಷ್ಯರಿಗೆ ಬಸ್ಸು. ತಿಳೀತಾ?"

ಗುಂಡನ ಮುಖ ಸಪ್ಪಗಾಯಿತು. ನಿಜ ಹೇಳಬೇಕೆಂದರೆ ನನ್ನದೂ ಆಯಿತು. ನಮ್ಮ ಕಡೆ ಮದುವೆಗೆ, ಜಾತ್ರೆಗೆ ಟ್ರೇಲರ್ ತುಂಬ ಜನ ಹೋಗುವುದು ಹೊಸದಲ್ಲ. ಮೇಷ್ಟ್ರಾಗಿದ್ದಾಗ ನಾನೂ ಮಕ್ಕಳನ್ನು ಹಾಗೆ ಆಟೋಟಕ್ಕೆ ಕರೆದುಕೊಂಡು ಹೋಗಿದ್ದೇನೆ. ಏನೂ ಆಗಲಿಲ್ಲ. ಆದರೆ ಏನೂ ಆಗಲಿಲ್ಲವೆಂದರೆ ಅದು ಸರಿಯಾಗಿತ್ತು ಎಂದಲ್ಲ.

ಇನ್‌ಸ್ಪೆಕ್ಟರು ಮಗನ ಕಡೆ ತಿರುಗಿ, "ನಂಬರ್ ಬಂದ ಮೇಲೆ ಟ್ರೇಲರಿನ ನಂಬರ್ ಪಕ್ಕದಲ್ಲಿ ಬರೆಸಿ. ಎಳೆಯುವ ಟ್ರ್ಯಾಕ್ಟರಿನ ನಂಬರ್ ಟ್ರೇಲರಿನ ಹಿಂದೆಯೂ ಇರಬೇಕು. ಕಾಯ್ದೆಯ 61ನೇ ಕಲಮು ಹಾಗೆ ಹೇಳುತ್ತೆ" ಎಂದರು.

"ಒಂದು ಟ್ರೇಲರಿಗೆ ಎರಡು ನಂಬರ್ ಯಾಕೆ?" ಪುಟ್ಟಿ ನನ್ನನ್ನು ಕೇಳಿದಳು.

ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕೂತು ಅವಳಿಗೆ ಹೇಳಿದೆ. ಅಮೆರಿಕದಲ್ಲಿ ಜನ ಮನೆಯಂಥ ಟ್ರೇಲರನ್ನು ಕಾರಿಗೆ ಕಟ್ಟಿಕೊಂಡು ಊರೂರು ಸುತ್ತುತ್ತಾರೆ. ಒಳಗೆ ಮಂಚ, ಒಲೆ, ಬಚ್ಚಲು ಎಲ್ಲ ಇರುತ್ತದೆ. ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ ಅಂಥ ಟ್ರೇಲರಿಗೆ ಅದರದೇ ನಂಬರ್ ಪಡೆಯಬೇಕು. ಇಂಗ್ಲೆಂಡಿನಲ್ಲಿ ಬೇರೆ ಪದ್ಧತಿ. ಅಂಥ ಗಾಡಿಗೆ ಅದರದೇ ನಂಬರ್ ಇಲ್ಲ, ಎಳೆಯುವ ಕಾರಿನ ನಂಬರನ್ನೇ ಹಿಂದೆ ಹಾಕುತ್ತಾರೆ. ನಮ್ಮಲ್ಲಿ ಎರಡೂ ಬೇಕು. 'ನಾನು ಯಾರು' ಎಂದು ಒಂದು ಹೇಳುತ್ತದೆ, 'ನನ್ನನ್ನು ಕರೆತಂದವರು ಯಾರು' ಎಂದು ಇನ್ನೊಂದು ಹೇಳುತ್ತದೆ.

"ನಮ್ಮ ಹೆಸರಿನ ಹಾಗೆ" ಎಂದೆ. "ತ.ರಾ.ಸು. ಅಂತ ಕೇಳಿದ್ದೀಯಲ್ಲ? ನಾವು ಮಧ್ಯಾಹ್ನ ಕೋಟೆ ನೋಡೋಕೆ ಹೋಗ್ತೀವಲ್ಲ, ಆ ದುರ್ಗದ ಕಥೆಯನ್ನು 'ದುರ್ಗಾಸ್ತಮಾನ' ಅಂತ ಕಾದಂಬರಿ ಬರೆದವರು. ಅದಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸು ಅಂದರೆ ಸುಬ್ಬರಾವ್, ಅದು ಅವರ ಹೆಸರು. ರಾ ಅಂದರೆ ರಾಮಸ್ವಾಮಯ್ಯ, ಅವರ ತಂದೆ. ತ ಅಂದರೆ?"

"ತಳಕು!" ಇಬ್ಬರೂ ಒಟ್ಟಿಗೆ ಕೂಗಿದರು.

"ಹೂಂ. ಅವರು ಹುಟ್ಟಿದ್ದು ಮಲೆಬೆನ್ನೂರಿನಲ್ಲಿ. ಆದರೂ ಹೆಸರಿನ ಮುಂದೆ ಇಟ್ಟುಕೊಂಡದ್ದು ಹಿರಿಯರ ಊರನ್ನು. ಅವರ ದೊಡ್ಡಪ್ಪ ವೆಂಕಣ್ಣಯ್ಯನವರು ಕುವೆಂಪು ಅವರ ಗುರುಗಳು. ಅವರ ಹೆಸರಿನ ಮುಂದೆಯೂ ನಮ್ಮೂರೇ ಇತ್ತು. ತಪ್ಪು ಮಾಡಿದರೆ ಊರಿಗೆ ಕೆಟ್ಟ ಹೆಸರು, ಒಳ್ಳೇದು ಮಾಡಿದರೆ ಊರಿಗೆ ಒಳ್ಳೇ ಹೆಸರು. ಹಿಂದೆ ಹೆಸರು ಬರೆದುಕೊಂಡು ಓಡಾಡೋದು ಅಂದರೆ ಅದೇ. ನಾನು ಮಾಡಿದ್ದಕ್ಕೆ ನಾನು ಸಿಗ್ತೀನಿ, ಓಡಿಹೋಗೋದಿಲ್ಲ ಅಂತ."

ಅಣ್ಣ ಪಕ್ಕದಲ್ಲೇ ಕೂತು ಕೇಳುತ್ತಿದ್ದ. ನೆಲದ ಮೇಲೆ ಊರುಗೋಲಿನ ತುದಿಯಿಂದ ಗೆರೆ ಎಳೆಯುತ್ತಿದ್ದ. ಆ ರಾತ್ರಿಯ ಬರಿ ಹಲಗೆ ಅವನ ಕಣ್ಣಮುಂದೆ ಬಂದಿರಬೇಕು.

ಕಾಗದಗಳನ್ನು ಕೊಟ್ಟು ರಸೀದಿ ಪಡೆಯುವಾಗ ಮಧ್ಯಾಹ್ನವಾಯಿತು. ಮಕ್ಕಳನ್ನು ಕರೆದುಕೊಂಡು ಕೋಟೆಗೆ ಹೊರಟೆವು. ಅಣ್ಣನಿಗೆ ಹತ್ತುವುದು ಕಷ್ಟ, ಅವನು ಟ್ರ್ಯಾಕ್ಟರಿನ ಹತ್ತಿರವೇ ಉಳಿದ. ಏಳು ಸುತ್ತಿನ ಕೋಟೆಯ ಬಾಗಿಲುಗಳನ್ನು ದಾಟಿ, ಓಬವ್ವನ ಕಿಂಡಿಯಲ್ಲಿ ನುಸುಳಿ ನೋಡಿ, ಬೆಟ್ಟಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಎಣಿಸಿ ನಾವು ವಾಪಸು ಬಂದಾಗ ಸಂಜೆ ಐದು ದಾಟಿತ್ತು.

ಟ್ರೇಲರ್ ಬೇರೆಯಾಗಿ ಕಂಡಿತು. ಅಣ್ಣ ಹತ್ತಿರದ ಅಂಗಡಿಯಿಂದ ಹೊಳೆಯುವ ಅಂಟುಪಟ್ಟಿ ತಂದಿದ್ದ. ಹಿಂದಿನ ಹಲಗೆಗೆ ಉದ್ದಕ್ಕೂ ಕೆಂಪು, ಎರಡು ಪಕ್ಕಕ್ಕೂ ಹಳದಿ, ಮುಂದೆ ಬಿಳಿ. ಒಂದು ಕಾಲಿನ ಮೇಲೆ ನಿಂತು, ಹಲಗೆಗೆ ಮೈ ಒರಗಿಸಿಕೊಂಡು, ಒಂದು ಸುಕ್ಕೂ ಇಲ್ಲದ ಹಾಗೆ ಅಂಟಿಸಿದ್ದ. ಕೈಯೆಲ್ಲ ಧೂಳು. ಮಗ ಓಡಿಹೋಗಿ, "ನಾನು ಮಾಡ್ತಿದ್ದೆನಲ್ಲ ದೊಡ್ಡಪ್ಪ" ಎಂದ.

"ನನಗೆ ಗೊತ್ತಿರೋ ಕೆಲಸ ಕಣಪ್ಪ. ಎಲ್ಲೆಲ್ಲಿ ಕಾಣಬೇಕು ಅಂತ ನನಗೆ ಗೊತ್ತು" ಎಂದ ಅಣ್ಣ.

ಚಳ್ಳಕೆರೆ ದಾಟುವಷ್ಟರಲ್ಲಿ ಕತ್ತಲಾಯಿತು. ಟ್ರ್ಯಾಕ್ಟರ್ ಮುಂದೆ, ಕಾರು ಹಿಂದೆ. ಅಣ್ಣ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದ. ಕಾರಿನ ಬೆಳಕು ಬಿದ್ದ ಕಡೆಯೆಲ್ಲ ಆ ಕೆಂಪು ಪಟ್ಟಿ ಕೆಂಡದ ಹಾಗೆ ಹೊಳೆಯುತ್ತಿತ್ತು. ಅಳಿಯ ಬೇಕೆಂದೇ ಕಾರನ್ನು ಇನ್ನಷ್ಟು ಹಿಂದೆ ಬಿಟ್ಟ. ಟ್ರ್ಯಾಕ್ಟರ್ ಕಾಣದಾಯಿತು, ಮಗ ಕಾಣದಾದ, ಪಟ್ಟಿ ಮಾತ್ರ ಕಾಣುತ್ತಲೇ ಇತ್ತು. ಆ ರಸ್ತೆಯಲ್ಲೇ ಎಲ್ಲೋ ಒಂದು ಕಡೆ ನಲವತ್ತಾರು ವರ್ಷದ ಹಿಂದೆ ಅಣ್ಣ ಬಿದ್ದಿದ್ದ. ಎಲ್ಲಿ ಎಂದು ಅವನು ಯಾವತ್ತೂ ತೋರಿಸಿದವನಲ್ಲ. ಅಂದೂ ತೋರಿಸಲಿಲ್ಲ. ಊರು ಹತ್ತಿರ ಬಂದಾಗ ಮಾತ್ರ, "ಕಾಣ್ತದೆ ಕಣೋ ತಮ್ಮಾ. ಚೆನ್ನಾಗಿ ಕಾಣ್ತದೆ" ಎಂದ.

ಕೆಲವು ದಿನಗಳಲ್ಲಿ ನಂಬರ್ ಬಂತು. ಪಕ್ಕದಲ್ಲಿ ಅದರದೇ ನಂಬರ್, ಹಿಂದೆ ಟ್ರ್ಯಾಕ್ಟರಿನ ನಂಬರ್. ಭಾದ್ರಪದದ ಮಂಗಳವಾರ ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಟ್ರೇಲರ್ ಹೋಯಿತು. ಅದರ ತುಂಬ ಅಕ್ಕಿಬೇಳೆ, ಪಾತ್ರೆ, ಸೌದೆ, ದೇವಿಗೆ ತೂರುವ ಹರಕೆಯ ಈರುಳ್ಳಿ. ನಾವೆಲ್ಲ ಬಸ್ಸಿನಲ್ಲಿ ಹೋದೆವು. ದಾವಣಗೆರೆಯಿಂದ ಮತ್ತೆ ಬಂದಿದ್ದ ಗುಂಡ ಬಸ್ಸಿನ ಕಿಟಕಿಯಿಂದ ನಮ್ಮ ಟ್ರೇಲರಿನ ನಂಬರನ್ನು ಜೋರಾಗಿ ಓದಿದ. ಪಕ್ಕದವರೆಲ್ಲ ತಿರುಗಿ ನೋಡಿದರು.

ಈಗ ಅಣ್ಣನ ಪೆಟ್ಟಿ ಅಂಗಡಿಯಲ್ಲಿ ಕಡ್ಲೆಮಿಠಾಯಿ ಡಬ್ಬಿಯ ಪಕ್ಕ ಒಂದು ಸುರುಳಿ ಕೆಂಪು ಪಟ್ಟಿ ಇರುತ್ತದೆ. ಟ್ರ್ಯಾಕ್ಟರ್ ನಿಲ್ಲಿಸಿ ಬೀಡಿಗೆ ಬಂದವರನ್ನು ಅವನು ಕೇಳುವುದು ಒಂದೇ ಪ್ರಶ್ನೆ: "ಹಿಂದುಗಡೆ ನಂಬರ್ ಇದೆಯೇನಪ್ಪ?" ಇಲ್ಲ ಎಂದವರಿಗೆ ದುರ್ಗಕ್ಕೆ ಯಾವ ಯಾವ ಕಾಗದ ಒಯ್ಯಬೇಕು ಎಂದು ಬಾಯಿಪಾಠ ಒಪ್ಪಿಸುತ್ತಾನೆ. ನಂಬರ್ ಬರುವವರೆಗೆ ಇರಲಿ ಎಂದು ಎರಡು ಮೊಳ ಪಟ್ಟಿ ಕತ್ತರಿಸಿ ಕೊಡುತ್ತಾನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಮೊನ್ನೆ ಒಬ್ಬ ಯುವಕ ಪಟ್ಟಿ ತೆಗೆದುಕೊಂಡು, "ಥ್ಯಾಂಕ್ಸ್ ಮೇಷ್ಟ್ರೇ" ಎಂದನಂತೆ. ನಾನೆಂದು ತಿಳಿದು ಹಾಗೆ ಕರೆದಿರಬೇಕು. ಅಣ್ಣ ತಿದ್ದಲಿಲ್ಲವಂತೆ. ನಾನೂ ತಿದ್ದುವುದಿಲ್ಲ.